ನೀತಿ ಬರೆಸುವ ಮೊದಲು ಬೈಬಲ್ ವಚನ ಓದಿಸಿ

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಕಥೋಲಿಕ ಮಕ್ಕಳಿಗೆ ವಾರಕ್ಕೊಂದು ಪೀರಿಯಡ್ ಧರ್ಮೋಪದೇಶ. ತೆಗೆದುಕೊಳ್ಳುವವರು ಗಣಿತ, ವಿಜ್ಞಾನದ ಟೀಚರ್‌ಗಳೇ. ಬೈಬಲ್ ಕಥೆ ಹೇಳಿ ಕೊನೆಗೊಂದು ನೀತಿ ಬರೆಸುತ್ತಾರೆ. ಒಂಬತ್ತನೇ ಕ್ಲಾಸಿನವರು ‘ಇದೆಲ್ಲ ಗೊತ್ತು ಮಿಸ್’ ಅಂದುಬಿಡುತ್ತಾರೆ. ಸೃಷ್ಟಿಯ ಬಗ್ಗೆ ಕೇಳಿದರೆ ಟೀಚರ್‌ಗಳೇ ತಡವರಿಸುತ್ತಾರೆ. ಇವರಿಗೆ ಹೇಗೆ ನೆರವಾಗಲಿ?
– ಒಬ್ಬ ಸಿಸ್ಟರ್, ಕೋಲಾರ

ಉತ್ತರ: ಸಿಸ್ಟರ್, ಮಕ್ಕಳಿಗೆ ಗೊತ್ತಿರುವುದು ಕಥೆಯ ಸಾರಾಂಶ. ಬೈಬಲಿನ ಪುಟ ತೆರೆದು ಓದಿದ್ದು ಕಡಿಮೆ. ಟೀಚರ್ ಮೊದಲೇ ಕಥೆ ಹೇಳಿಬಿಟ್ಟರೆ ಓದಲು ಏನೂ ಉಳಿಯುವುದಿಲ್ಲ. ಹಾಗಾಗಿ ಟೀಚರ್‌ಗಳಿಗೆ ಇನ್ನೊಂದು ಭಾಷಣ ಏರ್ಪಡಿಸಬೇಡಿ. ಮುಂದಿನ ಪಾಠದ ವಚನಗಳನ್ನು ಅವರೇ ಒಟ್ಟಿಗೆ ಕೂತು ಮುಕ್ಕಾಲು ಗಂಟೆ ಓದಲಿ, ತರಗತಿಯಲ್ಲಿ ಓದಿಸುವ ಕ್ರಮದಲ್ಲೇ.

ಬೈಬಲಿನಲ್ಲಿ ಸಂತ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಿಂದ ಶುರು ಮಾಡಿ. 35ರಿಂದ 52ರವರೆಗಿನ ವಚನಗಳನ್ನು ಎ4 ಹಾಳೆಯಲ್ಲಿ ಟೈಪ್ ಮಾಡಿಸಿ, ಪಕ್ಕದಲ್ಲಿ ಮೂರು ಬೆರಳಷ್ಟು ಜಾಗ ಬಿಟ್ಟು ಜೆರಾಕ್ಸ್ ತೆಗೆಸಿ. ವಚನ ಸಂಖ್ಯೆ ಇರಲಿ, ನಡುವಿನ ಶೀರ್ಷಿಕೆ ಬೇಡ. ಅವು ಮೂಲದಲ್ಲಿಲ್ಲ, ಆಮೇಲೆ ಸೇರಿಸಿದವು. ಕುರುಡನಿಗೆ ದೃಷ್ಟಿ ಬಂತು ಎಂದು ತಲೆಬರಹದಲ್ಲೇ ಕಂಡರೆ ಮಕ್ಕಳ ಕಣ್ಣು ಕೆಳಗಿಳಿಯುವುದಿಲ್ಲ.

ಮೊದಲ ಸಲ ಟೀಚರ್ ನಿಧಾನವಾಗಿ ಓದಲಿ. ಎರಡನೇ ಸಲ ಯೇಸುಸ್ವಾಮಿ, ಶಿಷ್ಯರಾದ ಯಕೋಬ ಮತ್ತು ಯೊವಾನ್ನ, ಕುರುಡ ಭಿಕ್ಷುಕ ಬಾರ್ತಿಮಾಯ, ಜನರ ಗುಂಪು ಎಂದು ಮಾತು ಹಂಚಿ ಮಕ್ಕಳೇ ಓದಲಿ. ಮೂರನೇ ಸಲ ಮೌನವಾಗಿ, ಪೆನ್ಸಿಲ್ ಹಿಡಿದು: ಯೇಸುಸ್ವಾಮಿ ಕೇಳಿದ ಪ್ರಶ್ನೆಗಳಿಗೆಲ್ಲ ಅಡಿಗೆರೆ. ಆಗ ಯಾರಾದರೂ ಗಮನಿಸುತ್ತಾರೆ, 36ರಲ್ಲೂ 51ರಲ್ಲೂ ಪ್ರಶ್ನೆ ಒಂದೇ: ನಿಮಗಾಗಿ ನಾನೇನು ಮಾಡಬೇಕು? ಯಕೋಬ, ಯೊವಾನ್ನ ಕೇಳಿದ್ದು ಯೇಸುಸ್ವಾಮಿಯ ಬಲಕ್ಕೂ ಎಡಕ್ಕೂ ಆಸನ. ದಾರಿಬದಿಯ ಭಿಕ್ಷುಕ ಕೇಳಿದ್ದು ದೃಷ್ಟಿ. ಇದನ್ನು ಮಕ್ಕಳೇ ಕಂಡುಕೊಳ್ಳಬೇಕು. ಅದಕ್ಕೆ ಒಂದೆರಡು ನಿಮಿಷ ಹಿಡಿಯುತ್ತದೆ. ಆ ಮೌನ ತಡೆಯಲಾರದೆ ಟೀಚರ್ ಉತ್ತರ ಹೇಳಿಬಿಡುತ್ತಾರೆ, ಪಾಠ ಕೆಡುವುದು ಅಲ್ಲೇ.

ಇದರಿಂದ ಏನು ಕಲಿತೆ ಎಂದು ಕೇಳಿದರೆ ‘ವಿಶ್ವಾಸ ಇರಬೇಕು’ ಎಂಬ ಸಿದ್ಧ ಉತ್ತರವೇ ಬರುತ್ತದೆ. ಬದಲು, ಈ ಮೂವರಲ್ಲಿ ನಿಜಕ್ಕೂ ಕಣ್ಣು ಕಾಣದವರು ಯಾರು ಎಂದು ಕೇಳಿ. ಯಾವ ಉತ್ತರ ಬಂದರೂ ಮುಂದಿನ ಪ್ರಶ್ನೆ ಒಂದೇ: ಯಾವ ವಚನದಲ್ಲಿದೆ, ತೋರಿಸು. ನಲವತ್ತು ನಿಮಿಷಕ್ಕೆ ಇಷ್ಟು ಸಾಕು.

ಸೃಷ್ಟಿಯ ಪ್ರಶ್ನೆಗೂ ಇದೇ ದಾರಿ. ಬೋರ್ಡಿನಲ್ಲಿ ಎರಡು ಕಾಲಂ ಎಳೆದು ಬೈಬಲಿನ ಮೊದಲ ಗ್ರಂಥ ಆದಿಕಾಂಡದ 1 ಮತ್ತು 2ನೇ ಅಧ್ಯಾಯಗಳಲ್ಲಿ ಯಾವುದರ ನಂತರ ಯಾವುದು ಉಂಟಾಯಿತು ಎಂದು ಬರೆಸಿ. ಮೊದಲನೆಯದರಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ. ಎರಡನೆಯದರಲ್ಲಿ ಮನುಷ್ಯ ಮೊದಲು, ಪ್ರಾಣಿಗಳು ಆಮೇಲೆ. ಎರಡನ್ನೂ ಅಕ್ಕಪಕ್ಕ ಉಳಿಸಿಕೊಂಡ ಗ್ರಂಥ ವಿಜ್ಞಾನದ ವೇಳಾಪಟ್ಟಿ ಕೊಡಲು ಹೊರಟಿಲ್ಲ ಎಂಬುದು ಮಕ್ಕಳಿಗೇ ಹೊಳೆಯುತ್ತದೆ. ಬರವಣಿಗೆ ಯಾವ ಬಗೆಯದು, ಕಾವ್ಯವೋ ಇತಿಹಾಸವೋ ಎಂದು ನೋಡಿ ಅರ್ಥ ಮಾಡಿಕೊಳ್ಳಬೇಕೆಂದು ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯ ದಾಖಲೆ ‘ದೇಯಿ ವೆರ್ಬುಂ’ (1965) 12ನೇ ಪರಿಚ್ಛೇದದಲ್ಲೇ ಹೇಳಿದೆ; ಟೀಚರ್‌ಗಳು ಅದೊಂದನ್ನು ಓದಿಕೊಂಡರೆ ಅಳುಕು ಹೋಗುತ್ತದೆ.

ಮಕ್ಕಳು ಮನೆಯಿಂದ ತರುವ ಬೈಬಲ್ ನೋಡಿಕೊಳ್ಳಿ. ಕಥೋಲಿಕ ಬೈಬಲಿನಲ್ಲಿ 73 ಗ್ರಂಥಗಳು, ಪ್ರೊಟೆಸ್ಟೆಂಟ್ ಮುದ್ರಣದಲ್ಲಿ ಸಾಮಾನ್ಯವಾಗಿ 66. ಆ 66ರಲ್ಲಿ ಇಲ್ಲದ ತೋಬಿತ, ಮಕ್ಕಬಿಯರ ಗ್ರಂಥಗಳ ಪಾಠದ ದಿನ ಕೆಲವರು ಪುಟ ಹುಡುಕುತ್ತಲೇ ಇರುತ್ತಾರೆ. ಕೆಜಿಎಫ್ ಕಡೆ ತಮಿಳು ಮನೆಮಾತಿನ ಮಕ್ಕಳಿದ್ದರೆ ಮೂರನೇ ಓದು ತಮಿಳಿನಲ್ಲೇ ಆಗಲಿ, ಚರ್ಚೆ ಕನ್ನಡದಲ್ಲಿ.

ಇನ್ನೊಂದು: ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಪೋಷಕರ ಒಪ್ಪಿಗೆ ಬೇಕು, ಸಂವಿಧಾನದ 28(3)ನೇ ವಿಧಿ. ಜೂನ್‌ನಲ್ಲೇ ಬರವಣಿಗೆಯಲ್ಲಿ ತೆಗೆದಿಟ್ಟುಕೊಳ್ಳಿ.