ಮುಚ್ಚಿದ ಊರ ಶಾಲೆಯನ್ನು ಮತ್ತೆ ತೆರೆಸಬಹುದಾ?

ಮಕ್ಕಳಿಲ್ಲ ಅಂತ ಮೂರು ವರ್ಷದ ಹಿಂದೆ ಮುಚ್ಚಿದ ಕಿರಿಯ ಪ್ರಾಥಮಿಕ ಶಾಲೆ ಮತ್ತೆ ಶುರುವಾಗಬೇಕು ಅಂತ ಊರಲ್ಲಿ ಅರ್ಧ ಜನ, ಆ ಜಾಗದಲ್ಲಿ ಸಮುದಾಯ ಭವನ ಆಗಲಿ ಅಂತ ಇನ್ನರ್ಧ ಜನ. ಯಾರ ಕಡೆ ನಿಲ್ಲಲಿ ಅಂತ ಕೇಳಿದ್ದೀರಿ. ಶಾಲೆ ಕಡೆ ನಿಲ್ಲಿ. ಆದರೆ ಮನವಿ ಪತ್ರ ಬರೆಯುವ ಮೊದಲು ಮಕ್ಕಳ ಹೆಸರು ಬರೆಯಿರಿ. ನಾವು ಇದನ್ನು ಹಿಂದುಮುಂದು ಮಾಡಿ ಸುಮ್ನೆ ಒಂದು ವರ್ಷ ಕಳೆದುಕೊಂಡೆವು.

ನಮ್ಮದು ಮಂಡ್ಯ ಜಿಲ್ಲೆ, ವಿಶ್ವೇಶ್ವರಯ್ಯ ನಾಲೆ ಬಯಲಿನ ಸಣ್ಣ ಊರು. ಅಲ್ಲೂ ಹೀಗೇ ಶಾಲೆ ಮುಚ್ಚಿತ್ತು, ನಾನು ಓದಿದ್ದೂ ಆ ಶಾಲೆಯಲ್ಲೇ. ಬೆಳಿಗ್ಗೆ ಏಳೂವರೆಗೆ ಕಾನ್ವೆಂಟ್ ವ್ಯಾನು ಊರೊಳಗೆ ಬರೋಕೆ ಶುರುವಾದ ಮೇಲೆ ಇಲ್ಲಿ ಮಕ್ಕಳು ಕಮ್ಮಿಯಾಗುತ್ತಾ ಹೋದರು. ಮುಚ್ಚಿದ ಎರಡು ವರ್ಷಕ್ಕೆ ಬೀಗ ತೆಗೆಸಿ ಒಳಗೆ ಹೋದೆವು. ಕರಿಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದ ಬರಹ ಹಾಗೇ ಇತ್ತು: ದಾಖಲಾತಿ 4, ಹಾಜರಾತಿ 3. ಪಕ್ಕದ ಕೋಣೆಯಲ್ಲಿ ಯಾರದೋ ಬೂಸಾ ಮೂಟೆ. ಅದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ವಾದವೆಲ್ಲ ನಡೆದದ್ದು ಡೈರಿ ಮುಂದೆ, ಹಾಲು ಹಾಕೋ ಹೊತ್ತಲ್ಲಿ. ಶಾಲೆ ಬೇಕು ಅಂತ ಜೋರಾಗಿ ಮಾತಾಡಿದ ಯಾರ ಮನೆ ಮಗುವೂ ಅಲ್ಲಿಗೆ ಸೇರೋದಿರಲಿಲ್ಲ, ನನ್ನ ಮಗನೂ ಸೇರಿ. ಅದನ್ನು ಎಲ್ಲರೆದುರು ಹೇಳಿದ್ದು ಕೆಳಗಿನ ಬೀದಿಯ ಒಬ್ಬ ಹೆಣ್ಣುಮಗಳು. "ನಿಮ್ ಮಕ್ಳು ವ್ಯಾನಲ್ಲಿ ಹೋಯ್ತವೆ ಕಣಣ್ಣ. ನನ್ ಮಗ್ಳು ಪಕ್ಕದೂರ್ ಶಾಲೆಗೆ ನಾಲೆ ಏರಿ ಮೇಲೆ ನಡ್ಕಂಡು ಹೋಗ್ಬೇಕು. ನೀರು ಬುಟ್ಟಾಗ ನಾನು ಗಾರ್ಮೆಂಟ್ಸಲ್ಲಿ ಮಿಷಿನ್ ಮುಂದೆ ಕುಂತಿದ್ರೂ ಜೀವ ಎಲ್ಲಾ ಅಲ್ಲೇ ಇರ್ತದೆ" ಅಂದರು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರಲ್ವಾ, ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ನಮ್ಮ ಕಡೆ ಯಾರೂ ಅದನ್ನು ಮರೆತಿಲ್ಲ. ಅವತ್ತು ಅವರ ಮಾತಿಗೆ ಯಾರೂ ಎದುರು ಹೇಳಲಿಲ್ಲ.

ಆಮೇಲೆ ಮನೆ ಮನೆಗೆ ಹೋದೆವು. ಮಗುವಿನ ಹೆಸರು, ಹುಟ್ಟಿದ ದಿನ, ಈಗ ಎಲ್ಲಿ ಓದ್ತಿದೆ, ಅಪ್ಪ ಅಥವಾ ಅಮ್ಮನ ಸಹಿ. ಅಷ್ಟೇ. 16 ಹೆಸರು ಸಿಕ್ಕವು. ಬರೀ ಗ್ರಾಮಸ್ಥರ ಸಹಿ ಇದ್ದ ನಮ್ಮ ಮೊದಲ ಮನವಿಗೆ ಉತ್ತರವೇ ಬಂದಿರಲಿಲ್ಲ. ಈ ಪಟ್ಟಿ ಹಿಡಿದು ಹೋದಾಗ ಅಧಿಕಾರಿಗಳು ಕೂರಿಸಿ ಮಾತಾಡಿದರು.

ಕಾನೂನೂ ನಿಮ್ಮ ಕಡೆ ಇದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದ ನಿಯಮದ ಪ್ರಕಾರ 1ರಿಂದ 5ನೇ ತರಗತಿ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಈಗ ಹೋಗ್ತಿರೋ ಶಾಲೆ ಎಷ್ಟು ದೂರ ಅಂತ ಅಳೆದು ಮನವಿಯಲ್ಲೇ ಬರೆಯಿರಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ, ಒಂದು ಪ್ರತಿ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರಿಗೂ (ಡಿಡಿಪಿಐ) ಇರಲಿ. ನಿಮ್ಮ ಶಾಲೆಯ ಡೈಸ್ ಕೋಡ್, ಅಂದರೆ ಸರ್ಕಾರಿ ದಾಖಲೆಯಲ್ಲಿ ಶಾಲೆಗಿರೋ ಗುರುತಿನ ಸಂಖ್ಯೆ, ಇನ್ನೂ ಇದೆಯಾ ಅಂತಲೂ ಕೇಳಿ. ನಮ್ಮದು ದಾಖಲೆಯಲ್ಲಿ ತಾತ್ಕಾಲಿಕವಾಗಿ ಮುಚ್ಚಿದ ಶಾಲೆ ಅಂತಲೇ ಇತ್ತು. ಅದರಿಂದ ಕೆಲಸ ಎಷ್ಟೋ ಹಗುರವಾಯಿತು.

ಜಾಗದ ವಿಷಯ ಮಾತ್ರ ಇವತ್ತೇ ನೋಡಿ. ಹಳೇ ಶಾಲೆಗಳ ಜಾಗ ಎಷ್ಟೋ ಕಡೆ ಬಾಯಿಮಾತಿನ ದಾನ, ಖಾತೆ ಆಗಿರೋದಿಲ್ಲ. ಪಂಚಾಯಿತಿಯಲ್ಲಿ ಪಿಡಿಒ ಹತ್ತಿರ ಹೋಗಿ ಖಾತೆ ಯಾರ ಹೆಸರಲ್ಲಿದೆ ಅಂತ ತೆಗೆಸಿ. ಶಾಲೆ ಹೆಸರಿಗಿಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ. ಸಮುದಾಯ ಭವನ ಕೇಳೋರು ಕೆಟ್ಟವರೇನಲ್ಲ, ಮದುವೆ ಮುಂಜಿಗೆ ಜಾಗ ಬೇಕೇ ಬೇಕು. ಆದರೆ ಭವನಕ್ಕೆ ಬೇರೆ ಜಾಗ ಹುಡುಕಬಹುದು. ಆರು ವರ್ಷದ ಮಗು ನಡೆದು ಹೋಗೋ ದೂರದಲ್ಲಿ ಇನ್ನೊಂದು ಶಾಲೆ ಎಲ್ಲಿಂದ ತರೋದು?

"ಒಂದೇ ಕೋಣೆಯಲ್ಲಿ ಮೂರು ತರಗತಿ ಕೂರಿಸಿ ಏನು ಕಲಿಸ್ತಾರೆ" ಅಂತ ಯಾರಾದರೂ ಕೇಳೇ ಕೇಳ್ತಾರೆ. ಬೇರೆ ಬೇರೆ ತರಗತಿ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯೋ ನಲಿ-ಕಲಿ ಪದ್ಧತಿ ಹುಟ್ಟಿದ್ದೇ ಇಂಥ ಶಾಲೆಗಳಿಗಾಗಿ. 1995ರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲೇ ಅದು ಶುರುವಾದದ್ದು. ಒಳ್ಳೆ ಮೇಡಂ ಒಬ್ಬರು ಸಿಕ್ಕರೆ ಕಾರ್ಡು ಹಿಡಿದ ಮಕ್ಕಳು ತಮ್ಮ ತಮ್ಮ ಮೆಟ್ಟಿಲು ತಾವೇ ಹತ್ತುತ್ತಾರೆ, ನಾನೇ ನೋಡಿದ್ದೇನೆ. ಇಂಗ್ಲಿಷ್ ಬೇಕು ಅನ್ನೋರಿಗೂ ಬಯ್ಯಬೇಡಿ. ಸರ್ಕಾರವೇ 2019ರಲ್ಲಿ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಆ ಬೇಡಿಕೆಯನ್ನೂ ಮನವಿಯಲ್ಲಿ ಸೇರಿಸಿ.

ನಮ್ಮ ಶಾಲೆ ತೆರೆದಾಗ ಸೇರಿದ್ದು 14 ಮಕ್ಕಳು. ಇಬ್ಬರು ಕೊನೇ ಗಳಿಗೆಯಲ್ಲಿ ಕಾನ್ವೆಂಟ್‌ಗೇ ಹೋದರು. ನನ್ನ ಮಗನನ್ನು ವ್ಯಾನಿಂದ ಬಿಡಿಸಿ ಎರಡನೇ ತರಗತಿಗೆ ಹಾಕಿದೆ. ಮನೆಯಲ್ಲಿ ಜಗಳವಾಯಿತು, ಆದರೂ ಹಾಕಿದೆ. ನಿಮ್ಮ ಮನೆಯಲ್ಲೂ ಆ ವಯಸ್ಸಿನ ಮಗು ಇದ್ದರೆ ಪಟ್ಟಿಯ ಮೊದಲ ಹೆಸರು ಅದೇ ಆಗಲಿ. ಶಾಲೆ ಶುರುವಾಗೋದು ಮೇ ಕೊನೆಗೆ, ಹಾಗಾಗಿ ಏಪ್ರಿಲ್ ಒಳಗೆ ಪಟ್ಟಿ ಮುಗಿಸಿ.