ಕನ್ನಡ ಮೀಡಿಯಂನವ್ರಿಗೆ ಇಂಟರ್ವ್ಯೂ ಆಗುದಿಲ್ವಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಕನ್ನಡ ಮೀಡಿಯಂ ಓದಿದ್ದು, ಮಲಯಾಳ ಇಂಗ್ಲಿಷ್ ಎರಡೂ ಅರ್ಧಂಬರ್ಧ, ಇಂಟರ್ವ್ಯೂ ನನ್ನ ಹಣೆಲಿ ಬರೆದಿಲ್ಲ, ಪಾಸಿಟಿವ್ ಆಗಿರು ಅಂತಾರೆ ಅದು ಹೇಗೆ ಅಂತ ಕೇಳಿದ್ರಲ್ಲ. ಮಾರಾಯ್ರೆ, ಕನ್ನಡಿ ಮುಂದೆ ನಿಂತು "ನನ್ನಿಂದ ಆಗ್ತದೆ" ಅಂತ ದಿನಾ ಜಪ ಮಾಡುದ್ರಲ್ಲಿ ನಂಗೇನೂ ನಂಬಿಕೆ ಇಲ್ಲ. ಆಲ್ಬರ್ಟ್ ಬಂಡೂರ ಅನ್ನೋ ಮನಃಶಾಸ್ತ್ರಜ್ಞ 1977ರಲ್ಲೇ ಬರೆದದ್ದುಂಟು, ನನ್ನಿಂದ ಆಗ್ತದೆ ಅನ್ನೋ ಧೈರ್ಯ ಗಟ್ಟಿ ಆಗುದು ಸ್ವತಃ ಮಾಡಿ ಗೆದ್ದದ್ರಿಂದ, ಬೇರೆಯವ್ರ ಹುರಿದುಂಬಿಸೋ ಮಾತಿಗೆ ಅಷ್ಟು ಬಲ ಇಲ್ಲ. ಹಾಗಾಗಿ ಸಣ್ಣದ್ರಿಂದ ಶುರು ಮಾಡಿ, ಬಸ್ಸಲ್ಲಿ ಕಂಡಕ್ಟರ್ ಹತ್ರ ಮಲಯಾಳದಲ್ಲೇ ಮಾತಾಡಿ ತಪ್ಪಿದ್ರೆ ತಪ್ಪಲಿ, ರಾತ್ರಿ ನಿಮ್ಮ ಪರಿಚಯ ಇಂಗ್ಲಿಷಲ್ಲಿ ಎರಡು ನಿಮಿಷ ಹೇಳಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿ, ಮೊದ್ಲಿಗೆ ನಿಮ್ಮ ಸ್ವರ ನಿಮ್ಗೇ ಕೇಳ್ಲಿಕ್ಕೆ ಆಗುದಿಲ್ಲ (ಎಲ್ರಿಗೂ ಹಾಗೇ), ಎಲ್ಲಿ ತಡವರಿಸ್ತೀರಿ ಅಂತ ಬರೆದಿಡಿ, ಮರುದಿನ ಅಷ್ಟನ್ನೇ ಸರಿ ಮಾಡಿ. ಮನೇಲಿ ತುಳುವೋ ಹವ್ಯಕವೋ, ಶಾಲೇಲಿ ಕನ್ನಡ, ಪೇಟೇಲಿ ಮಲಯಾಳ ಅಂತ ಬೆಳೆದವ್ರು ನಾವು, ನಂಗೆ ಭಾಷೆ ಹತ್ತುದಿಲ್ಲ ಅಂದ್ರೆ ಯಾರು ನಂಬ್ತಾರೆ? ಮತ್ತೆ ಕೇರಳ ಪಿಎಸ್‌ಸಿಯ ಕೆಲವು ಪರೀಕ್ಷೆಗೆ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಉಂಟು, ಅರ್ಜಿ ಹಾಕುವಾಗ ಭಾಷೆಯ ಕಾಲಂ ಸರಿಯಾಗಿ ನೋಡಿ.