ಬ್ಯಾಂಕಾಕ್‌ನ ಕೊನೆಯ ದಿನ ಅರಮನೆಗೆ ಹೋಗಲೇಬೇಕಾ?

ತೀರ್ಥಹಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯ ಪ್ರವಾಸ ಲೇಖನದ ಬಗ್ಗೆ ಅವರ ತಕರಾರು. ಬೆನ್ನಿಗೆ ಚೀಲ ಹಾಕಿಕೊಂಡು ವಿಯೆಟ್ನಾಂ, ಲಾವೋಸ್ ಸುತ್ತಿ ಬ್ಯಾಂಕಾಕ್‌ಗೆ ಬಂದ ಬೆಂಗಳೂರಿನ ಗಂಡ ಹೆಂಡತಿ ಬರೆದ ಲೇಖನ ಅದು. ರಾತ್ರಿ ವಿಮಾನ ಹತ್ತುವ ಮೊದಲು ಇಡೀ ಹಗಲನ್ನು ಅವರು ನದಿಯ ಮೇಲೆ ಮತ್ತು ನದಿಯಾಚೆಯ ಹಳೇ ಓಣಿಗಳಲ್ಲಿ ಕಳೆದಿದ್ದರು. ಮೇಷ್ಟ್ರು ಕೇಳುತ್ತಾರೆ: "ಅಷ್ಟು ದೂರ ಹೋಗಿ ಅರಮನೆ ನೋಡಲಿಲ್ಲ, ಪಚ್ಚೆ ಬುದ್ಧನನ್ನು ನೋಡಲಿಲ್ಲ. ದೋಣಿ ಹತ್ತಿದರು, ಹೂವಿನ ಮಾರ್ಕೆಟ್ ಸುತ್ತಿದರು, ಕೇಕ್ ತಿಂದರು. ಓದುಗರಿಗೆ ಇದರಿಂದ ಸಿಕ್ಕಿದ್ದೇನು? ಉಳಿತಾಯದ ದುಡ್ಡನ್ನು ಸುಮ್ನೆ ಅಲೆಯುವುದಕ್ಕೆ ಖರ್ಚು ಮಾಡುವವರಿಗೆ ಪತ್ರಿಕೆ ಬೆನ್ನು ತಟ್ಟಬೇಕಾ?" ಬರುವ ಜನವರಿಯಲ್ಲಿ ಮಗಳ ಜೊತೆ ತಾವಿಬ್ಬರೂ ಹೋಗುವವರಿದ್ದಾರಂತೆ. ಸಸ್ಯಾಹಾರಿಗಳು, ಮಂಡಿ ನೋವಿದೆ, ಏನು ಮಾಡಬಹುದು ಎಂದೂ ವಿಚಾರಿಸಿದ್ದಾರೆ.

ಮೇಷ್ಟ್ರೇ,

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನಾಟಿದ್ದು ಪಚ್ಚೆ ಬುದ್ಧನ ಮಾತು. ಅದೇ ದಂಪತಿ ಲಾವೋಸ್‌ನ ವಿಯೆಂಟಿಯಾನ್‌ನಲ್ಲಿ ಹೋ ಫ್ರಾ ಕೇವ್ ನೋಡಿದ್ದರು. ಪಚ್ಚೆ ಬುದ್ಧನಿಗಾಗಿಯೇ ಕಟ್ಟಿದ ಗುಡಿ ಅದು. ಈಗ ಮ್ಯೂಸಿಯಂ ಆಗಿದೆ, ಮೂರ್ತಿ ಮಾತ್ರ ಅಲ್ಲಿಲ್ಲ. ಖಾಲಿ ಗುಡಿ ನೋಡಿದವರು ಮೂರ್ತಿ ಇರುವ ಊರಿಗೇ ಬಂದು ಅದನ್ನು ನೋಡದೆ ಹೋದರೆ ನಿಮ್ಮಂಥವರಿಗೆ ಕಸಿವಿಸಿ ಆಗುತ್ತದೆ. ಆಗಬೇಕಾದದ್ದೇ.

ಆದರೆ ಆ ಮೂರ್ತಿ ಬಂದ ದಾರಿ ನೋಡಿ. 1779ರಲ್ಲಿ ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಸೇನೆ ವಿಯೆಂಟಿಯಾನ್ ಗೆದ್ದು ಅದನ್ನು ಹೊತ್ತು ತಂದಿತು. ಆಗ ರಾಜಧಾನಿ ಇದ್ದದ್ದು ನದಿಯ ಪಶ್ಚಿಮ ದಡದ ಥೊನ್‌ಬುರಿಯಲ್ಲಿ. ಮೂರ್ತಿಯನ್ನು ಇಟ್ಟದ್ದು ಅಲ್ಲಿನ ವಾಟ್ ಅರುಣ್ ದೇವಾಲಯದಲ್ಲಿ. ಈಗಿನ ಅರಮನೆ, ಅದರೊಳಗೆ ಮೂರ್ತಿ ಈಗಿರುವ ಗುಡಿ, ಎಲ್ಲ ಆಮೇಲೆ ಬಂದವು. ನಮ್ಮ ದಂಪತಿ ಮಧ್ಯಾಹ್ನ ವಾಟ್ ಅರುಣ್‌ನ ನೆರಳಲ್ಲಿ ಒಂದು ಗಂಟೆ ಕೂತಿದ್ದರು ಅಲ್ವಾ? ವಿಯೆಂಟಿಯಾನ್‌ನಲ್ಲಿ ಶುರುವಾದ ಕಥೆಯ ನಡುವಿನ ಅಧ್ಯಾಯದಲ್ಲೇ ಕೂತಿದ್ದರು. ಕೊನೆಯ ಅಧ್ಯಾಯ ಎದುರು ದಡದಲ್ಲಿ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು.

ಈ ಥೊನ್‌ಬುರಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಆ ಲೇಖನವನ್ನು ನಾನು ಆರಿಸಿದ್ದೇ ಇದಕ್ಕಾಗಿ. 1767ರಲ್ಲಿ ಬರ್ಮಾದ ಸೇನೆ ಅಯುತ್ಥಯ ನಗರವನ್ನು ಸುಟ್ಟು ಹಾಳುಗೆಡವಿತು. ನಾಲ್ಕು ಶತಮಾನ ಮೆರೆದ ರಾಜಧಾನಿ ಅದು. ಸೋತು ಚೆದುರಿದವರನ್ನು ಮತ್ತೆ ಒಟ್ಟು ಮಾಡಿದವನು ತಾಕ್ಸಿನ್. ಅವನ ತಂದೆ ಚೀನಾದಿಂದ ಬಂದವನು. ಸಮುದ್ರಕ್ಕೆ ಹತ್ತಿರವಾದ ಥೊನ್‌ಬುರಿಯಲ್ಲಿ ಅವನು ಹೊಸದಾಗಿ ರಾಜ್ಯ ಕಟ್ಟಿದ. ಅವನ ಆಳ್ವಿಕೆ 1782ಕ್ಕೆ ಮುಗಿಯಿತು. ಅವನ ಸೇನಾಪತಿಯಾಗಿದ್ದವನೇ ಮೊದಲನೇ ರಾಮ ಎಂಬ ಹೆಸರಲ್ಲಿ ಪಟ್ಟಕ್ಕೆ ಬಂದು ರಾಜಧಾನಿಯನ್ನು ಪೂರ್ವ ದಡಕ್ಕೆ ಸಾಗಿಸಿದ. ಬರ್ಮಾದವರು ಬರುವುದು ಪಶ್ಚಿಮದಿಂದ, ಹಾಗಾಗಿ ನದಿಯೇ ಕಂದಕವಾಯಿತು. ಅರಮನೆ ಎದ್ದ ಜಾಗದಲ್ಲಿ ಮೊದಲು ಚೀನೀ ವ್ಯಾಪಾರಿಗಳ ಕೇರಿ ಇತ್ತು. ಅವರನ್ನು ದಕ್ಷಿಣದ ಸಾಂಪೆಂಗ್‌ಗೆ ಎಬ್ಬಿಸಲಾಯಿತು. ಇವತ್ತಿನ ಚೈನಾಟೌನ್ ಬೆಳೆದದ್ದು ಅಲ್ಲಿಂದ.

ಅರಮನೆ ನೋಡಿ ಬರುವವರಲ್ಲಿ ಎಷ್ಟು ಜನ ಆಚೆ ದಡಕ್ಕೆ ಹೋಗುತ್ತಾರೆ? ವಾಟ್ ಅರುಣ್ ತನಕ ಹೋಗುತ್ತಾರೆ, ಫೋಟೋ ತೆಗೆದು ವಾಪಸ್ ಬರುತ್ತಾರೆ. ಆ ಗೋಪುರಕ್ಕೆ ಮೆತ್ತಿದ ಪಿಂಗಾಣಿ ಚೂರುಗಳನ್ನು ಹತ್ತಿರದಿಂದ ನೋಡಿದರೂ ಸಾಕು, ಒಂದು ಕಾಲದ ಹಡಗು ವ್ಯಾಪಾರವೇ ಕಾಣುತ್ತದೆ. ಚೀನಾದಿಂದ ಬರುವ ಹಡಗುಗಳು ತೂಕಕ್ಕೆಂದು ತಳದಲ್ಲಿ ತುಂಬಿಕೊಂಡು ಬರುತ್ತಿದ್ದ ಪಿಂಗಾಣಿ ಅದು. ತಟ್ಟೆ ಬಟ್ಟಲಿನ ಚೂರುಗಳೇ ಅಲ್ಲಿ ಹೂವಾಗಿವೆ, ಎಲೆಯಾಗಿವೆ.

ಇನ್ನು ದಂಪತಿ ಕೇಕ್ ತಿಂದ ಕುಡಿ ಚೀನ್. ವಾಟ್ ಅರುಣ್‌ನಿಂದ ದಕ್ಷಿಣಕ್ಕೆ ನಡೆದು, ಕಾಲುವೆಯೊಂದನ್ನು ದಾಟಿ ಸೇರಬಹುದಾದ ಕೇರಿ. ತಾಕ್ಸಿನ್ ಪರವಾಗಿ ಹೋರಾಡಿದ ಪೋರ್ಚುಗೀಸರಿಗೆ ಅವನೇ ಕೊಟ್ಟ ಜಾಗದಲ್ಲಿ ಸಾಂತಾ ಕ್ರೂಸ್ ಚರ್ಚ್ ಇದೆ. ಈಗಿನ ಕಟ್ಟಡ 1916ರದು. ಚರ್ಚಿನ ಒಂದು ಪಕ್ಕಕ್ಕೆ ಚೀನೀಯರ ಹಳೇ ಗುಡಿ. ಅದರಾಚೆ ವಾಟ್ ಕಲ್ಯಾಣಮಿತ್, ಒಳಗೆ ಭಾರೀ ಗಾತ್ರದ ಕೂತ ಬುದ್ಧ. ಕಾಲುವೆ ದಡದಲ್ಲಿ ತೋನ್‌ಸನ್ ಮಸೀದಿ, ಬ್ಯಾಂಕಾಕ್‌ನ ಅತಿ ಹಳೆಯ ಮಸೀದಿಗಳಲ್ಲಿ ಒಂದು. ಸಾವಕಾಶವಾಗಿ ನಡೆದರೂ ಎಲ್ಲ ಒಂದೇ ಮಧ್ಯಾಹ್ನದೊಳಗೆ ಆಗುತ್ತದೆ.

ಆ ಕೇಕನ್ನು ನೀವು ಹಗುರಾಗಿ ತಳ್ಳಿಹಾಕಿದ್ದೀರಿ, ನನಗೆ ಬೇಜಾರಾಯಿತು. ಮೊಟ್ಟೆ, ಹಿಟ್ಟು, ಸಕ್ಕರೆ, ಇಷ್ಟೇ ಅದರ ಹಿಟ್ಟಿಗೆ ಬೀಳುವುದು. ಮೇಲೆ ಒಣದ್ರಾಕ್ಷಿ ಮತ್ತು ಸಕ್ಕರೆ ಪಾಕದಲ್ಲಿ ಒಣಗಿಸಿದ ಬೂದುಗುಂಬಳದ ಚೂರು. ಹಿಟ್ಟು ಪೋರ್ಚುಗೀಸರ ರೀತಿ, ಮೇಲಿನ ಅಲಂಕಾರ ಚೀನೀಯರ ರೀತಿ. ಈಗಲೂ ಅದೇ ಓಣಿಯ ಕೆಲವೇ ಮನೆಗಳಲ್ಲಿ ಬೇಯಿಸುತ್ತಾರೆ. ಪುಸ್ತಕದಲ್ಲಿ ಇಡೀ ಪುಟ ಹಿಡಿಯುವ ಸಂಗತಿ ಒಂದು ಪುಟ್ಟ ಕೇಕಿನಲ್ಲಿ ಇದೆ. ಅದನ್ನು ಅಲ್ಲೇ ನಿಂತು ತಿಂದು ಬಂದು ಬರೆದಿದ್ದಾರೆ. ಓದುಗರಿಗೆ ಸಿಕ್ಕಿದ್ದೇನು ಅಂತ ಕೇಳಿದಿರಲ್ಲ, ನನ್ನ ಪ್ರಕಾರ ಸಿಕ್ಕಿದ್ದು ಇದು.

ಅರಮನೆಗೆ ಬರೋಣ. ಅದು ದೊಡ್ಡ ಜಾಗ, ನೋಡಲೇಬೇಕಾದ ಜಾಗ. ಆದರೆ ಕೊನೆಯ ದಿನಕ್ಕೆ ಒಗ್ಗುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುತ್ತದೆ, ಮಧ್ಯಾಹ್ನ ಮೂರೂವರೆಗೆ ಟಿಕೆಟ್ ಕೊಡುವುದು ನಿಲ್ಲುತ್ತದೆ. ಒಬ್ಬರಿಗೆ 500 ಬಾತ್. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಒಳಗೆ ಬಿಸಿಲು, ಜನಜಂಗುಳಿ. ಪಚ್ಚೆ ಬುದ್ಧನ ಮೂರ್ತಿ ಸುಮಾರು ಒಂದೂವರೆ ಮೊಳದ್ದು, ಎತ್ತರದ ಪೀಠದ ಮೇಲಿದೆ. ಕೆಳಗೆ ಕೂತು ತಾಳ್ಮೆಯಿಂದ ನೋಡಬೇಕು. ಗಡಿಯಾರ ನೋಡುತ್ತಾ ನೋಡುವಂಥದ್ದಲ್ಲ. ಸಂಜೆ ಚೀಲ ಎತ್ತಿಕೊಳ್ಳಬೇಕು, ರಾತ್ರಿ ವಿಮಾನ ಹಿಡಿಯಬೇಕು ಅನ್ನುವ ದಿನ ಅಲ್ಲಿಗೆ ಓಡಿದರೆ ನೆನಪಲ್ಲಿ ಉಳಿಯುವುದು ಬೆವರು ಮತ್ತು ಕ್ಯೂ. ಎಷ್ಟೋ ಜನ ಹಾಗೇ ಮಾಡಿ, ಅಷ್ಟನ್ನೇ ಬರೆದು ನನಗೆ ಕಳಿಸುತ್ತಾರೆ.

ದುಡ್ಡಿನ ಮಾತು. ಈ ಇಬ್ಬರು ಅವತ್ತು ಖರ್ಚು ಮಾಡಿದ್ದು ತೀರಾ ಕಡಿಮೆ. ಬೆಳಿಗ್ಗೆ ಫ್ರಾ ಆಥಿತ್ ಕಟ್ಟೆಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿದ್ದರು. ಅದು ಪ್ರವಾಸಿಗರಿಗೆಂದು ಬಿಟ್ಟ ದೋಣಿಯಲ್ಲ. ಆಫೀಸಿಗೆ ಹೋಗುವವರು, ಶಾಲೆ ಮಕ್ಕಳು, ಭಿಕ್ಷುಗಳು ಎಲ್ಲ ಅದರಲ್ಲೇ ಓಡಾಡುತ್ತಾರೆ. ಪಾಕ್ ಖ್ಲಾಂಗ್ ತಲಾತ್ ಎಂಬ ಹೂವಿನ ಮಾರ್ಕೆಟ್ ಹತ್ತಿರ ಇಳಿದರೆ ಚೆಂಡುಹೂವಿನ ರಾಶಿ, ಮಲ್ಲಿಗೆ ಮಾಲೆ. ಹೂ ಕಟ್ಟುವ ಹೆಂಗಸರ ಕೈಚಳಕ ನೋಡುತ್ತಾ ಆಕೆ ಅರ್ಧ ಗಂಟೆ ನಿಂತಿದ್ದರಂತೆ. ಇದನ್ನು ನೀವು ಅಲೆದಾಟ ಅನ್ನುತ್ತೀರಿ. ನಾನು ಒಪ್ಪುವುದಿಲ್ಲ. ಬ್ಯಾಂಕಾಕ್ ಅಂದ ಕೂಡಲೇ ನಮ್ಮಲ್ಲಿ ಕೆಲವರು ಒಂಥರಾ ನಗುತ್ತಾರೆ, ಗೊತ್ತಲ್ಲ? ಆ ನಗು ನನಗೆ ಸಂಕಟ ತರುತ್ತದೆ. ಅಲ್ಲಿ ಹೂ ಕಟ್ಟುವವರೂ ದೋಣಿ ನಡೆಸುವವರೂ ಇದ್ದಾರೆ ಅಂತ ಯಾರಾದರೂ ಪ್ರೀತಿಯಿಂದ ಬರೆದರೆ ಅದಕ್ಕೆ ಪುಟ ಕೊಡುವುದು ನನ್ನ ಕೆಲಸ ಅಂದುಕೊಂಡಿದ್ದೇನೆ.

ಸಂಜೆ ಆರಕ್ಕೆ ನದಿ ಪಕ್ಕದ ಉದ್ಯಾನದಲ್ಲಿ ರಾಷ್ಟ್ರಗೀತೆ ಮೊಳಗಿತು, ಓಡುತ್ತಿದ್ದವರೆಲ್ಲ ನಿಂತರು, ಇವರೂ ನಿಂತರು ಎಂದು ಬರೆದಿದ್ದರಲ್ಲ. ಅಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ಹೀಗೇ. ನಿಮಗೂ ಎದುರಾಗುತ್ತದೆ, ನಿಂತುಬಿಡಿ.

ಈಗ ನಿಮ್ಮ ಪ್ರವಾಸ. ನೀವು ಅರಮನೆಗೆ ಖಂಡಿತ ಹೋಗಿ, ಮೊದಲ ದಿನವೇ ಹೋಗಿ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಹತ್ತಿರದಲ್ಲಿ ಯಾರಾದರೂ ಬಂದು "ಇವತ್ತು ಅರಮನೆ ಮುಚ್ಚಿದೆ, ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ" ಅಂದರೆ ನಂಬಬೇಡಿ, ಅವರು ಹತ್ತಿಸುವ ಟುಕ್‌ಟುಕ್ (ಅಲ್ಲಿನ ಆಟೋ) ಹರಳಿನ ಅಂಗಡಿಗೆ ಹೋಗಿ ನಿಲ್ಲುತ್ತದೆ. ನೇರ ಬಾಗಿಲಿಗೆ ನಡೆಯಿರಿ. ಒಳಗಿನ ಮೊಗಸಾಲೆಯ ಗೋಡೆಗಳಲ್ಲಿ ರಾಮಾಯಣ ಇದೆ, 178 ಚಿತ್ರಗಳಲ್ಲಿ. ಅವರ ರಾಮಕಿಯೆನ್ ನಮ್ಮದರ ಹಾಗಿಲ್ಲ. ಅಲ್ಲಿನ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆ ಕಟ್ಟುವಾಗ ಮತ್ಸ್ಯಕನ್ಯೆಯನ್ನು ಒಲಿಸಿಕೊಳ್ಳುತ್ತಾನೆ, ಅವಳು ರಾವಣನ ಮಗಳು. ಮಕ್ಕಳಿಗೆ ರಾಮಾಯಣ ಪಾಠ ಮಾಡಿದ ನಿಮಗೆ ಅಲ್ಲೇ ಅರ್ಧ ದಿನ ಬೇಕು.

ವಾಟ್ ಅರುಣ್‌ನ ಮೆಟ್ಟಿಲು ಬಹಳ ಕಡಿದು, ನಿಮ್ಮ ಮಂಡಿಗೆ ಬೇಡ. ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ. ತಾ ತಿಯನ್ ಕಟ್ಟೆಯಿಂದ ಆಚೆ ದಡಕ್ಕೆ ದೋಣಿ ಆಗಾಗ ಇರುತ್ತದೆ, ಕೆಲವೇ ಬಾತ್. ಜನವರಿಯಲ್ಲಿ ಮಳೆ ಕಡಿಮೆ, ಸೆಕೆಯೂ ಅಷ್ಟಿರುವುದಿಲ್ಲ.

ಊಟಕ್ಕೆ ಒಂದು ಗುರುತು ನೆನಪಿಡಿ. ಹಳದಿ ಬಾವುಟದ ಮೇಲೆ ಕೆಂಪಲ್ಲಿ ನಮ್ಮ ಕಣ್ಣಿಗೆ 17ರ ಹಾಗೆ ಕಾಣುವ ಎರಡು ಅಕ್ಷರ. ಓದುವುದು 'ಜೇ' ಎಂದು. ಆ ಅಡುಗೆಯಲ್ಲಿ ಮೀನಿನ ಸಾಸ್ ಇಲ್ಲ, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬರೀ 'ತರಕಾರಿ' ಅಂತ ಕೇಳಿದರೆ ಮೀನಿನ ಸಾಸ್ ಬಿದ್ದೇ ಬರುತ್ತದೆ. ಅನ್ನ, ರೊಟ್ಟಿ, ಪಲ್ಯವೇ ಬೇಕು ಅನಿಸಿದ ದಿನ ಹೂವಿನ ಮಾರ್ಕೆಟ್‌ನಿಂದ ಪಾಹುರಾತ್‌ಗೆ ನಡೆದು ಹೋಗಿ, ಬಟ್ಟೆ ಅಂಗಡಿಗಳ ನಡುವೆ ಭಾರತೀಯ ಹೋಟೆಲ್‌ಗಳಿವೆ. ವಾಪಸಾಗುವಾಗ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆ ದಾಟಿದ ಮೇಲೆ ಸಮುದ್ರ ಮಥನದ ದೊಡ್ಡ ಶಿಲ್ಪ ಸಿಗುತ್ತದೆ. ಅದಕ್ಕೂ ಸ್ವಲ್ಪ ಹೊತ್ತು ಇಟ್ಟುಕೊಂಡು ಹೊರಡಿ. ಹೋಗಿ ಬಂದು ನೀವೂ ಬರೆಯಿರಿ, ರಾಮಕಿಯೆನ್ ಗೋಡೆಗಳ ಬಗ್ಗೆಯೇ ಬರೆದರೆ ಇನ್ನೂ ಸಂತೋಷ.

ಸಂಪಾದಕ